ಬ್ಯಾಂಕ್ ಹರಾಜಿನ ಜಾಗ: ಇಸಿ ಕ್ಲೀನ್ ಇದ್ರೆ ಸಾಕಾ?

ಪ್ರಶ್ನೆ: ನಮ್ಮೂರ ಹತ್ರ ಒಂದು ಹಳೇ ಮನೆ, ಜಾಗ ಸಮೇತ ಬ್ಯಾಂಕಿನವ್ರು ಇ-ಹರಾಜಿಗೆ ಇಟ್ಟಿದ್ದಾರೆ. ರೇಟು ಕಮ್ಮಿ ಉಂಟು. ಇಸಿ (ಜಾಗದ ಮೇಲೆ ರಿಜಿಸ್ಟರ್ ಆದ ವ್ಯವಹಾರ, ಸಾಲಗಳ ಪಟ್ಟಿ) ತೆಗೆಸಿದೆ, ಆ ಬ್ಯಾಂಕಿನ ಸಾಲ ಬಿಟ್ರೆ ಬೇರೆಂತ ಇಲ್ಲ. ಬ್ಯಾಂಕೇ ಸಾಲ ಕೊಟ್ಟಿದೆ ಅಂದ್ಮೇಲೆ ಟೈಟಲ್ (ಮಾಲೀಕತ್ವ) ಸರಿ ಇರ್ಲೇಬೇಕಲ್ವಾ? ಇಎಂಡಿ (ಬಿಡ್ ಹಾಕ್ಲಿಕ್ಕೆ ಕಟ್ಟುವ ಮುಂಗಡ ಠೇವಣಿ) ಕಟ್ಲಾ?
– ಓದುಗರು, ಬ್ರಹ್ಮಾವರ

ಉತ್ತರ: ಸ್ವಲ್ಪ ತಡೀರಿ ಮಾರಾಯ್ರೆ. ಬ್ಯಾಂಕಿನ ಲಾಯರು ಟೈಟಲ್ ನೋಡಿದ್ದು ಸಾಲ ಕೊಡುವಾಗ, ಅದೂ ಬ್ಯಾಂಕಿಗೋಸ್ಕರ. ಹರಾಜು ನೋಟಿಸಲ್ಲಿ 'ಆ್ಯಸ್ ಈಸ್ ವೇರ್ ಈಸ್' (ಇದ್ದದ್ದು ಇದ್ದ ಹಾಗೇ) ಅಂತ ಇರ್ತದಲ್ಲ, ಅಂದ್ರೆ ನಾಳೆ ತಕರಾರು ಬಂದ್ರೆ ತಲೆನೋವು ನಿಮ್ದೇ. ಇಸಿಯಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಕಾಣೋದು, ಬಾಯಿಮಾತಿನ ಬಾಡಿಗೆ, ರಿಜಿಸ್ಟರ್ ಆಗದ ವಿಲ್ಲು, ಕೋರ್ಟಲ್ಲಿರುವ ಪಾಲಿನ ದಾವೆ ಇದೆಲ್ಲ ಅದ್ರಲ್ಲಿ ಸಿಗ್ತದೆ ಅಂತ ನಂಬ್ಲಿಕ್ಕಾಗ್ಲಿಕ್ಕಿಲ್ಲ.

ನಮ್ಮ ಕಡೆ ಮುಖ್ಯವಾಗಿ ನೋಡ್ಬೇಕಾದ್ದು ಜಾಗ ಮೂಲದಲ್ಲಿ ಹೇಗೆ ಬಂತು ಅಂತ. 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗೇಣಿದಾರರು ಹಾಕಿದ ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ ಆದ್ರೆ ಭೂ ನ್ಯಾಯಮಂಡಳಿ (ಟ್ರಿಬ್ಯೂನಲ್) ಆರ್ಡರು, ಫಾರ್ಮ್ 10 (ಗೇಣಿದಾರರಿಗೆ ಕೊಟ್ಟ ಹಕ್ಕುಪತ್ರ) ಎರಡನ್ನೂ ಕೇಳಿ. ಅರ್ಜಿ ಹಾಕಿದ್ದು ದೊಡ್ಡಣ್ಣ ಒಬ್ಬನೇ, ಗೇಣಿಗೆ ಮಾಡಿದ್ದು ಇಡೀ ಕುಟುಂಬ, ಈಗ ಅವನ ಮಗ ಅಡವಿಟ್ಟು ಸಾಲ ತೆಗೆದಿದ್ದಾನೆ, ಅತ್ತೆಯಂದಿರ ಸಹಿಯೇ ಇಲ್ಲ, ಇಂಥದ್ದು ನಮ್ಮ ಜಿಲ್ಲೆಯಲ್ಲಿ ಹೊಸತೇನಲ್ಲ. ಉಡುಪಿ ಕೋರ್ಟಲ್ಲಿ ಆ ಹೆಸರುಗಳ ಮೇಲೆ ಕೇಸು ಉಂಟಾ ಅಂತ ಲಾಯರ ಹತ್ರ ಹುಡುಕಿಸಿ.

ಮತ್ತೆ ಕುಮ್ಕಿ, ಅಂದ್ರೆ ಪಟ್ಟಾ ಜಾಗಕ್ಕೆ ತಾಗಿಕೊಂಡು ಮಾಲೀಕರು ಬಳಸುವ ಸರ್ಕಾರಿ ಜಾಗ! ಕಾಂಪೌಂಡ್ ಒಳಗೆ ಕಾಣುವುದೆಲ್ಲ ಅವರದ್ದೇ ಅಂತ ಲೆಕ್ಕ ಹಾಕ್ಬೇಡಿ, ಬಾವಿ, ನಾಲ್ಕು ತೆಂಗಿನಮರ, ಗೇಟಿಗೆ ಹೋಗುವ ದಾರಿ ಎಲ್ಲ ಕುಮ್ಕಿಯಲ್ಲಿದ್ರೆ ಅದು ಸರ್ಕಾರಿ ಜಾಗ, ಬ್ಯಾಂಕು ಅದನ್ನ ಮಾರ್ಲಿಕ್ಕೆ ಬರೋದಿಲ್ಲ. ಸರ್ವೆ ನಕ್ಷೆ ಹಿಡ್ಕೊಂಡು, ಅಳೆಯುವವರನ್ನ ಕರ್ಕೊಂಡೇ ಹೋಗಿ. ಆರ್‌ಟಿಸಿ, ಕನ್ವರ್ಷನ್ (ಭೂಪರಿವರ್ತನೆ), ಪಂಚಾಯ್ತಿಯ ನೈನ್ ಇಲೆವೆನ್ (ಫಾರ್ಮ್ 9, 11) ಇದ್ರಲ್ಲೆಲ್ಲ ಸೆಂಟ್ಸ್ ಲೆಕ್ಕ ಒಂದೇ ಇರ್ಬೇಕು.

ಹೋದಾಗ ಮನೆಯಲ್ಲಿ ಯಾರಿದ್ದಾರೆ ನೋಡಿ. ನೋಟಿಸಲ್ಲಿ ಸಾಂಕೇತಿಕ ಸ್ವಾಧೀನ ಅಂತ ಇದ್ರೆ ಬೀಗದಕೈ ಬ್ಯಾಂಕಿನ ಹತ್ರ ಇಲ್ಲ ಅಂತ ಅರ್ಥ, ಅವ್ರು ಸರ್ಫೇಸಿ ಕಾಯ್ದೆಯ (ಬ್ಯಾಂಕು ಅಡವಿಟ್ಟ ಆಸ್ತಿ ವಶಪಡಿಸಿ ಮಾರುವ ಕಾಯ್ದೆ) ಸೆಕ್ಷನ್ 14ರಲ್ಲಿ ಡಿಸಿ ಹತ್ರ ಹೋಗಿ ಬಿಡಿಸಿ ಕೊಡುವವರೆಗೆ ನೀವು ಕಾಯ್ತಾ ಕೂರ್ಬೇಕು. ಸಾಲಗಾರ ಸಾಲ ವಸೂಲಿ ಕೇಸು ನೋಡುವ ಬೆಂಗಳೂರಿನ ಡಿಆರ್‌ಟಿಯಲ್ಲಿ ಕೇಸು ಹಾಕಿದ್ದಾನಾ ಅಂತ ಹರಾಜು ನಡೆಸುವ ಬ್ಯಾಂಕಿನ ಆಥರೈಸ್ಡ್ ಆಫೀಸರಿಗೆ ಲೆಟರ್ ಬರೆದೇ ಕೇಳಿ, ಫೋನಲ್ಲಿ ಹೇಳಿದ್ದಕ್ಕೆ ದಾಖಲೆ ಇರೋದಿಲ್ಲ. ಕರೆಂಟ್ ಬಿಲ್ಲೂ ನೋಡಿ, ಹಳೇ ಬಾಕಿಯನ್ನ ನಿಯಮದಲ್ಲಿದ್ರೆ ಹೊಸ ಮಾಲೀಕರಿಂದ ಕೇಳ್ಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇದೆಲ್ಲ ಬಿಡ್ ಹಾಕುವ ಮೊದ್ಲೇ ಮುಗೀಬೇಕು, ಯಾಕಂದ್ರೆ ಹರಾಜು ನಿಮಗಾದ್ರೆ ಇಎಂಡಿ ಸೇರಿ 25% ಅವತ್ತೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಬೇಕು, ಉಳಿದದ್ದು ಮಾರಾಟ ಕನ್ಫರ್ಮ್ ಆಗಿ 15 ದಿನದೊಳಗೆ. ಬ್ಯಾಂಕು ಬರಹದಲ್ಲಿ ಒಪ್ಪಿದ್ರೆ ಮೂರು ತಿಂಗಳವರೆಗೆ ಟೈಮು ಸಿಗ್ಬಹುದು, ಆ ಟೈಮಿನೊಳಗೆ ಕಟ್ಟದಿದ್ರೆ ಮೊದ್ಲು ಕಟ್ಟಿದ ದುಡ್ಡು ಮುಟ್ಟುಗೋಲು.