ಬೈಕ್ ಆಯ್ದುಕೊಳ್ಳಬೇಕಾದದ್ದು ಸಿಲ್ಕ್ ಬೋರ್ಡ್‌ನಲ್ಲಿ, ಸಕಲೇಶಪುರದಲ್ಲಲ್ಲ

ಪ್ರಶ್ನೆ: ನನಗೆ 34 ವರ್ಷ, ಎತ್ತರ ಐದು ಅಡಿ ಆರು ಅಂಗುಲ. ಮನೆ ಕೆಂಗೇರಿಯಲ್ಲಿ, ಕಚೇರಿ ಬೆಳ್ಳಂದೂರಿನಲ್ಲಿ. ದಿನಕ್ಕೆ ಹೋಗಿಬರಲು ಸುಮಾರು 50 ಕಿಲೋಮೀಟರ್. ಹತ್ತು ವರ್ಷದಿಂದ 125 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಎರಡು ತಿಂಗಳಿಗೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಸಕಲೇಶಪುರದ ಮಾವನ ಮನೆಗೆ ಹೋಗುತ್ತೇನೆ. ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆ ಎರಡೂವರೆ ಲಕ್ಷ ಮೀರುವಂತಿಲ್ಲ. ರಾಯಲ್ ಎನ್‌ಫೀಲ್ಡ್ ಹಂಟರ್ 350, ಹೋಂಡಾ ಹೈನೆಸ್ ಸಿಬಿ350, ಟ್ರಯಂಫ್ ಸ್ಪೀಡ್ 400, ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ? ಗೆಳೆಯರೆಲ್ಲ 400 ಎನ್ನುತ್ತಿದ್ದಾರೆ.
(ಕೆಂಗೇರಿಯ ಓದುಗರು)

ಉತ್ತರ: ಗೆಳೆಯರ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಲೆಕ್ಕ ಹಾಕೋಣ. ವಾರಕ್ಕೆ ಐದು ದಿನವೆಂದರೂ ಕಚೇರಿಯ ಓಡಾಟವೇ ಎರಡು ತಿಂಗಳಿಗೆ 2,100 ಕಿಲೋಮೀಟರ್ ಆಗುತ್ತದೆ. ಸಕಲೇಶಪುರಕ್ಕೆ ಹೋಗಿಬಂದರೆ ಇನ್ನೊಂದು 450. ಅಂದರೆ ನಿಮ್ಮ ಹೊಸ ಬೈಕು ಐದರಲ್ಲಿ ನಾಲ್ಕು ಪಾಲು ಆಯಸ್ಸನ್ನು ಮೈಸೂರು ರಸ್ತೆ, ಬನಶಂಕರಿ, ಸಿಲ್ಕ್ ಬೋರ್ಡ್‌ಗಳಲ್ಲಿ, ಅದೂ ಒಂದನೆಯ ಮತ್ತು ಎರಡನೆಯ ಗೇರಿನಲ್ಲಿ ಸವೆಸುತ್ತದೆ. ಆದರೆ ಷೋರೂಮಿಗೆ ಹೋದವರ ಕಣ್ಣ ಮುಂದೆ ಬರುವುದು ಮಾತ್ರ ಘಟ್ಟದ ತಿರುವು, ಕಾಫಿ ತೋಟ, ಮಂಜು. ನಾನೂ ಒಮ್ಮೆ ಹಾಗೆಯೇ ಕೊಂಡವನು. ಆಮೇಲೆ ಒಂದು ವರ್ಷ ಎಡಗೈ ಮಣಿಕಟ್ಟಿಗೆ ನೋವಿನೆಣ್ಣೆ ತಿಕ್ಕಿಕೊಂಡೆ.

ಮೊದಲು ದುಡ್ಡಿನ ಮಾತು. ನಮ್ಮ ದೇಶದಲ್ಲಿ 350 ಸಿಸಿ ಎಂಬುದು ಬೈಕುಗಳ ನಡುವಿನ ಗಡಿಕಲ್ಲು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಕಲ್ಲಿನ ಆಚೆಗಿರುವವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40ಕ್ಕೆ ಏರಿತು. ಹಂಟರ್ 349 ಸಿಸಿ, ಹೈನೆಸ್ 348, ಸ್ಪೀಡ್ 398. ಮೊದಲೆರಡು ಈಚೆ, ಮೂರನೆಯದು ಆಚೆ. ವಿಮೆಯಲ್ಲೂ ಇದೇ ಗಡಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಂತೆ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದನ್ನು ಮೀರಿದರೆ 15,117. ನಲವತ್ತೆಂಟು ಸಿಸಿ ಹೆಚ್ಚಿದ್ದಕ್ಕೆ ಪ್ರೀಮಿಯಂ ದುಪ್ಪಟ್ಟು. ಇದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ ಇದ್ದೇ ಇದೆ. ಒಂದು ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಶೇ 18, ಮೇಲೆ ಸೆಸ್ ಬೇರೆ. ಎರಡೂವರೆ ಲಕ್ಷ ರೂಪಾಯಿಯ ಬೈಕಿಗೆ ಈ ತೆರಿಗೆಯೇ 45 ಸಾವಿರ ದಾಟುತ್ತದೆ. ಆದ್ದರಿಂದ ಷೋರೂಂ ಬೆಲೆಯ ಫಲಕ ನೋಡಿ ಮರುಳಾಗಬೇಡಿ, ಆನ್‌ರೋಡ್ ಬೆಲೆಯನ್ನು ಬರೆಸಿಕೊಳ್ಳಿ. ನೀವು ಹಾಕಿಕೊಂಡ ಮಿತಿಯೊಳಗೆ ಹಂಟರ್ ಆರಾಮವಾಗಿ ಕೂರುತ್ತದೆ, ಹೈನೆಸ್ ಅಂಚಿಗೆ ಬಂದು ನಿಲ್ಲುತ್ತದೆ, ಸ್ಪೀಡ್ ಹೊರಗೆ ಉಳಿಯುತ್ತದೆ.

ದುಡ್ಡಿನ ಚಿಂತೆ ಇಲ್ಲವೆಂದುಕೊಂಡರೂ ನಿಮಗೆ ನಾನು 400 ಹೇಳುವುದು ಅನುಮಾನ. 2023ರ ಜುಲೈನಲ್ಲಿ ಬಂದ ಸ್ಪೀಡ್ 400 ಒಳ್ಳೆಯ ಬೈಕು, ಅದರಲ್ಲಿ ಎರಡು ಮಾತಿಲ್ಲ. 40 ಪಿಎಸ್ ಶಕ್ತಿ, ಆರು ಗೇರು, ಇಂಧನ ಸೇರಿ ತೂಕ 176 ಕಿಲೋ. ಆದರೆ ಅದರ 37.5 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಕೈಗೆ ಸಿಗುವುದು ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗಿದಾಗ. ಹಂಟರ್‌ನ 27 ನ್ಯೂಟನ್ ಮೀಟರ್ 4,000 ಸುತ್ತಿಗೆ ಸಿಗುತ್ತದೆ. ಹೈನೆಸ್‌ನ 30 ನ್ಯೂಟನ್ ಮೀಟರ್‌ಗೆ ಬರೀ 3,000 ಸುತ್ತು ಸಾಕು. ಕಾಗದದ ಮೇಲೆ ಇವು ಒಣ ಅಂಕಿಗಳು. ರಸ್ತೆಯಲ್ಲಿ ಹೀಗೆ ನೋಡಿ: ಮುಂದಿನ ಬಿಎಂಟಿಸಿ ಬಸ್ಸು ಹತ್ತಡಿ ಸರಿದು ನಿಲ್ಲುತ್ತದೆ, ನೀವೂ ಸರಿಯುತ್ತೀರಿ. ಕೆಳಗಿನ ಸುತ್ತಿನಲ್ಲೇ ಎಳೆಯುವ ಎಂಜಿನ್ ಎರಡನೆಯ ಗೇರಿನಲ್ಲಿ ಗೊಣಗದೆ ತೆವಳುತ್ತದೆ. ಮೇಲಿನ ಸುತ್ತಿನ ಎಂಜಿನ್ನಿಗೆ ಗೇರ್ ಇಳಿಸಬೇಕು, ಕ್ಲಚ್ಚನ್ನು ಅರ್ಧ ಹಿಡಿದು ಸಂಭಾಳಿಸಬೇಕು. ಇದನ್ನು ದಿನಕ್ಕೆ ಇನ್ನೂರು ಸಲ ಮಾಡಿ ನೋಡಿ. ತಯಾರಕರಿಗೂ ಇದು ಗೊತ್ತಿದೆ. ಇಲ್ಲದಿದ್ದರೆ 2024ರಲ್ಲಿ ಇದೇ ಎಂಜಿನ್ನಿನ ಶಕ್ತಿಯನ್ನು 31 ಪಿಎಸ್‌ಗೆ ಇಳಿಸಿ, ಟಾರ್ಕನ್ನು 5,000 ಸುತ್ತಿಗೆ ತಂದು ಸ್ಪೀಡ್ ಟಿ4 ಎಂಬ ಇನ್ನೊಂದು ಮಾದರಿಯನ್ನು ಬಿಡುತ್ತಿರಲಿಲ್ಲ.

ಹೆದ್ದಾರಿಯಲ್ಲಿ 350 ಸೊರಗುವುದಿಲ್ಲವೇ ಎಂದು ಕೇಳುತ್ತೀರಿ. ಸೊರಗುತ್ತದೆ, ಆದರೆ ಎಷ್ಟು ಎಂಬುದನ್ನೂ ನೋಡಿ. ನೆಲಮಂಗಲ ದಾಟಿದ ಮೇಲೆ ನಿರಾತಂಕವಾಗಿ ಓಡಿಸಬಹುದಾದ ದಾರಿ ಸುಮಾರು 170 ಕಿಲೋಮೀಟರ್ ಎಂದುಕೊಳ್ಳಿ. ಗಂಟೆಗೆ 85ರಲ್ಲಿ ಹೋದರೆ ಎರಡು ಗಂಟೆ, 100ರಲ್ಲಿ ಹೋದರೆ ಒಂದು ಗಂಟೆ 42 ನಿಮಿಷ. ಉಳಿದ 18 ನಿಮಿಷ ಯಡಿಯೂರಿನ ಬಳಿ ಕಾಫಿಗೆ ನಿಂತರೆ ಮುಗಿಯಿತು. ಹಂಟರ್ ಆಗಲಿ ಹೈನೆಸ್ ಆಗಲಿ 80ರಿಂದ 90ರ ನಡುವೆ ಇಬ್ಬರನ್ನು ಹೊತ್ತು ನೆಮ್ಮದಿಯಿಂದ ಓಡುತ್ತದೆ. ನೂರರ ಮೇಲೆ ಬಹಳ ಹೊತ್ತು ಓಡಿಸಿದರೆ ಪಾದಕ್ಕೂ ಅಂಗೈಗೂ ನಡುಕ ತಟ್ಟುತ್ತದೆ, ಲಾರಿಯನ್ನು ಹಿಂದಿಕ್ಕಲು ಮೊದಲೇ ಲೆಕ್ಕ ಹಾಕಬೇಕಾಗುತ್ತದೆ. ಹೆಂಡತಿ ಹಿಂದೆ ಕೂತಿರುವಾಗ ನೂರರ ಮೇಲೆ ಹೋಗುವ ಅಗತ್ಯವೇನಿದೆ ಎಂಬುದನ್ನು ಅವರನ್ನೇ ಕೇಳಿ.

ಇನ್ನು ಹಂಟರೋ ಹೈನೆಸ್ಸೋ? ಎರಡರ ತೂಕವೂ 181 ಕಿಲೋ. ಹಂಟರ್ ಗಿಡ್ಡ ಮೈಯದು, 17 ಅಂಗುಲದ ಚಕ್ರ, ಸಂದಿಯಲ್ಲಿ ಮೀನಿನಂತೆ ನುಸುಳುತ್ತದೆ. 2022ರ ಮೊದಲ ಹಂಟರ್‌ನ ಹಿಂದಿನ ಸಸ್ಪೆನ್ಷನ್ ಗಡುಸಾಗಿತ್ತು, ರಸ್ತೆ ಉಬ್ಬಿನ ಏಟು ನೇರವಾಗಿ ಬೆನ್ನಿಗೆ ಬೀಳುತ್ತಿತ್ತು. 2025ರ ಪರಿಷ್ಕರಣೆಯಲ್ಲಿ ಅದನ್ನು ತಿದ್ದಿ, ಹಗುರ ಕ್ಲಚ್ಚನ್ನೂ ಕೊಟ್ಟಿದ್ದಾರೆ. ಹಳೆಯ ದಾಸ್ತಾನನ್ನು ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಒಪ್ಪಬೇಡಿ. ಎಲ್ಲಕ್ಕಿಂತ ಅಗ್ಗದ ಮಾದರಿಯೂ ಬೇಡ. ಅದರಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ, ಸಾಲದ್ದಕ್ಕೆ ಸ್ಪೋಕ್ ಚಕ್ರ. ಈ ಬೈಕಿನಲ್ಲಿ ಸ್ಪೋಕ್ ಎಂದರೆ ಒಳಗೆ ಟ್ಯೂಬ್ ಎಂದರ್ಥ. ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನನ್ನ ಸ್ಪೋಕ್ ಚಕ್ರದಲ್ಲಿ ಮೊಳೆ ಹೊಕ್ಕಿತು. ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ತೇಪೆ ಹಾಕಬಲ್ಲವರು ಸಿಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅದೇ ಟ್ಯೂಬ್‌ಲೆಸ್ ಆಗಿದ್ದರೆ ಸೀಟಿನ ಕೆಳಗಿನ ಕಿಟ್ ತೆಗೆದು, ರಬ್ಬರ್ ಎಳೆ ತುರುಕಿ, ಹತ್ತೇ ನಿಮಿಷದಲ್ಲಿ ಹೊರಡುತ್ತಿದ್ದೆ.

ಹೈನೆಸ್‌ನ ಸೀಟು ಉದ್ದ, ಹಿಂದೆ ಕೂರುವವರಿಗೆ ಜಾಗ ಧಾರಾಳ. ಟ್ಯಾಂಕ್ 15 ಲೀಟರ್, ಹಂಟರ್‌ನದು 13. ಎಂಜಿನ್ ನುಣುಪು. ಅದರ ತೊಡಕು ಬೇರೆ ಕಡೆಯಿದೆ: ಈ ಬೈಕಿನ ಮಾರಾಟ, ಸರ್ವಿಸ್ ಎರಡೂ ಹೋಂಡಾದ ದೊಡ್ಡ ಬೈಕುಗಳಿಗೆಂದೇ ಇರುವ ಬಿಗ್‌ವಿಂಗ್ ಷೋರೂಮುಗಳಲ್ಲಿ. ಸ್ಕೂಟರ್ ಮಾರುವ ಎಲ್ಲ ಹೋಂಡಾ ಅಂಗಡಿಗಳಲ್ಲೂ ಇದರ ಕೆಲಸ ಆಗುವುದಿಲ್ಲ. ಎನ್‌ಫೀಲ್ಡ್ ರಿಪೇರಿ ಬಲ್ಲ ಮೆಕ್ಯಾನಿಕ್ ಮಾತ್ರ ತಾಲ್ಲೂಕಿಗೊಬ್ಬನಾದರೂ ಇರುತ್ತಾನೆ. ನಿಮ್ಮ ಜಾಗದಲ್ಲಿ ನಾನಿದ್ದರೆ, ಮನೆಗೋ ಕಚೇರಿಗೋ ಹತ್ತಿರ ಬಿಗ್‌ವಿಂಗ್ ಸರ್ವಿಸ್ ಇದ್ದರೆ ಹೈನೆಸ್ ಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಹಂಟರ್‌ನ ಟ್ಯೂಬ್‌ಲೆಸ್ ಟೈರಿನ ಅಲಾಯ್ ಚಕ್ರದ ಮಾದರಿ ಕೊಂಡು, ಉಳಿದ ದುಡ್ಡಿನಲ್ಲಿ ಇಬ್ಬರಿಗೂ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಮಳೆ ಜಾಕೆಟ್, ಒಂದು ಜೊತೆ ಸ್ಯಾಡಲ್ ಬ್ಯಾಗ್ ತರುತ್ತಿದ್ದೆ.

ಟೆಸ್ಟ್ ರೈಡ್ ಬಗ್ಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಯಾವ ಬೈಕಾದರೂ ಹೂವಿನಂತೆ ಓಡುತ್ತದೆ. ವಾರದ ದಿನ ಸಂಜೆ ಆರಕ್ಕೆ ಹೋಗಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಹದಿನೈದು ನಿಮಿಷ ಸಂದಣಿಯಲ್ಲಿ ಓಡಿಸಿದ ಮೇಲೆ ನಿಲ್ಲಿಸಿ, ಬಲಗಾಲಿಗೆ ಎಷ್ಟು ಕಾವು ತಾಕುತ್ತಿದೆ ನೋಡಿ. ಆಮೇಲೆ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ಬೈಕನ್ನು ಹಿಂದಕ್ಕೆ ತಳ್ಳಿ. ಕಚೇರಿಯ ಬೇಸ್‌ಮೆಂಟಿನಲ್ಲಿ ನೀವು ದಿನವೂ ಮಾಡಬೇಕಾದದ್ದು ಅದೇ. 125ರಿಂದ ಬರುವವರಿಗೆ 181 ಕಿಲೋ ಎಂದರೇನೆಂದು ಅರ್ಥವಾಗುವುದು ಓಡಿಸುವಾಗಲ್ಲ, ತಳ್ಳುವಾಗ.

ಅಂದಹಾಗೆ, ಪೆಟ್ರೋಲ್ ಖರ್ಚನ್ನು ಮರೆಯಬೇಡಿ. ಲೀಟರಿಗೆ 55 ಕೊಡುವ ಬೈಕಿನಿಂದ 33 ಕೊಡುವುದಕ್ಕೆ ಬಂದರೆ ಸಾವಿರ ಕಿಲೋಮೀಟರಿಗೆ 12 ಲೀಟರ್ ಹೆಚ್ಚು ಬೇಕು. ನಿಮ್ಮ ಓಡಾಟಕ್ಕೆ ತಿಂಗಳಿಗೆ ಸಾವಿರದೈನೂರು ರೂಪಾಯಿ ಮೀರಿದ ಹೊಸ ಕಂತು ಎಂದೇ ತಿಳಿಯಿರಿ.

ಪ್ರಶ್ನೆ: ನಾನು ಶಿಕ್ಷಕಿ. ಶಿವಮೊಗ್ಗದಿಂದ ಮಂಡಗದ್ದೆ ಹತ್ತಿರದ ಶಾಲೆಗೆ ದಿನವೂ ಹೋಗಿಬರುತ್ತೇನೆ. ಸ್ಕೂಟರ್ ಸಾಕಾಗಿದೆ, ರಜೆಯಲ್ಲಿ ಆಗುಂಬೆ, ಶೃಂಗೇರಿ ಕಡೆಗೂ ಹೋಗುವಾಸೆ. ಎತ್ತರ ಐದು ಅಡಿ ಎರಡು ಅಂಗುಲ. ನನಗೆ ಕಾಲು ಎಟುಕುವ ಬೈಕು ಯಾವುದು?
(ಶಿವಮೊಗ್ಗದ ಓದುಗರು)

ಉತ್ತರ: ಮೇಡಂ, ಬಜಾಜ್ ಅವೆಂಜರ್ 220ರ ಸೀಟು ನೆಲದಿಂದ 737 ಮಿಲಿಮೀಟರ್, ತೂಕ 163 ಕಿಲೋ. ಕಾಲು ಸಲೀಸಾಗಿ ಎಟುಕುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಜೂನ್‌ನಿಂದ ಮಳೆ ಬಿಡದ, ರಸ್ತೆಯ ಮೇಲೆ ಒದ್ದೆ ತರಗೆಲೆ ಅಂಟಿಕೊಂಡಿರುವ ನಿಮ್ಮ ದಾರಿಗೆ ಎರಡೂ ಚಕ್ರಗಳ ಎಬಿಎಸ್ ಬೇಕೆಂದು ನಾನು ಹಟ ಹಿಡಿಯುತ್ತೇನೆ. ಆದ್ದರಿಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ನೋಡಿ. ಸೀಟು 765 ಮಿಲಿಮೀಟರ್, ತೂಕ 191 ಕಿಲೋ. ತೂಕ ಕೇಳಿ ಹೆದರಬೇಡಿ, ಭಾರವೆಲ್ಲ ಕೆಳಗಿರುವುದರಿಂದ ಓಡತೊಡಗಿದ ಮೇಲೆ ಅದು ಕಾಡುವುದಿಲ್ಲ.

ಸೀಟಿನ ಎತ್ತರವೊಂದನ್ನೇ ನೋಡಿ ಕೊಳ್ಳುವುದೂ ತಪ್ಪು. ಸೀಟು ಅಗಲವಿದ್ದರೆ ತೊಡೆ ಅಗಲಿ ಕಾಲು ಗಿಡ್ಡವಾಗುತ್ತದೆ. ಕೂತು ನೋಡದೆ ಹೇಳಲಾಗದು. ನಿಲ್ಲಿಸುವಾಗ ಎರಡೂ ಪಾದ ಊರಲೇಬೇಕೆಂದಿಲ್ಲ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ, ಇದನ್ನು ರೂಢಿ ಮಾಡಿಕೊಂಡರೆ ಸಾಕು. ಇನ್ನೂ ಎತ್ತರವೆನಿಸಿದರೆ ಸೀಟಿನ ಫೋಮ್ ಕೆತ್ತಿಸಿ, ಸಸ್ಪೆನ್ಷನ್ ಮುಟ್ಟಬೇಡಿ.

ಪ್ರಶ್ನೆ: ಹೊಸದಕ್ಕೆ ದುಡ್ಡಿಲ್ಲ. ಹಳೆಯ ಬಜಾಜ್ ಡೊಮಿನಾರ್ 400 ಒಂದು ಲಕ್ಷದ ಆಸುಪಾಸಿನಲ್ಲಿ ಸಿಗುತ್ತಿದೆ. ಕೊಳ್ಳಬಹುದೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಕೊಳ್ಳಬಹುದು, ಆದರೆ ಯಾವ ವರ್ಷದ್ದೆಂದು ಮೊದಲು ಕೇಳಿ. 2016ರ ಡಿಸೆಂಬರಿನಲ್ಲಿ ಬಂದ ಡೊಮಿನಾರ್ 35 ಪಿಎಸ್‌ನದು. 2019ರ ಪರಿಷ್ಕರಣೆಯಲ್ಲಿ ಅದು 40 ಪಿಎಸ್ ಆಯಿತು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೂಡ ಬದಲಾಯಿತು. ಮಾರುವವರು ಎರಡನ್ನೂ ಒಂದೇ ಬೆಲೆಗೆ ಹೇಳುತ್ತಾರೆ.

ನೋಡಲು ಹೋದಾಗ ಮೊದಲು ಎಂಜಿನ್ನನ್ನು ಬೆರಳಿನಿಂದ ಮುಟ್ಟಿ. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಚಾಲು ಮಾಡಿ ಇಟ್ಟಿದ್ದಾರೆ ಎಂದು ತಿಳಿಯಿರಿ, ತಣ್ಣಗಾದ ಮೇಲೆ ಬರುತ್ತೇನೆಂದು ಹೇಳಿ ಹೊರಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ರ 23ನೆಯ ವಾರ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಆ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಹಿಂದೆ ಚೈನ್ ಓಡುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸಮೇತ ಬದಲಿಸಬೇಕು. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಆಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬೇರಿಂಗ್, ಅಂದರೆ ಕೋನ್ ಸೆಟ್, ಸವೆದಿದೆ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಇವೆಲ್ಲ ರಿಪೇರಿಯಾಗುವಂಥವೇ, ಹೆದರಬೇಕಿಲ್ಲ, ಚೌಕಾಸಿಗೆ ಬಳಸಿಕೊಳ್ಳಿ. ಹೆದರಬೇಕಾದದ್ದು ಕಾಗದಪತ್ರಕ್ಕೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ನಮೂನೆ 35 ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಮಹಾರಾಷ್ಟ್ರ ನೋಂದಣಿಯ ಬೈಕು ಅಗ್ಗವೆಂದು ಅನೇಕರು ತರುತ್ತಾರೆ, ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಿದ ಮೇಲೆ ಆ ಅಗ್ಗ ಉಳಿದಿರುವುದಿಲ್ಲ.

ಪ್ರಶ್ನೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹಾಯಾಗಿ 110ರಲ್ಲಿ ಓಡುವ ಬೈಕು ಹೇಳಿ.
(ಮಂಡ್ಯದ ಓದುಗರು)

ಉತ್ತರ: 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯ ಉಬ್ಬುಗಳಿಗೆ ಹೊಂದುವ, ಸೀಟು ಮೆತ್ತಗಿರುವ ಬೈಕು ನೋಡಿಕೊಳ್ಳಿ.