ಎಸಿಎಲ್ (ಮಂಡಿಯೊಳಗಿನ ಒಂದು ಅಸ್ಥಿರಜ್ಜು) ಆಪರೇಷನ್ ನಂತರ ನೋವಿಗೆ ನರ್ವ್ ಬ್ಲಾಕ್ (ನರವನ್ನು ಜೋಮು ಹಿಡಿಸುವ ಇಂಜೆಕ್ಷನ್) ಕೊಟ್ಟರೆ ಕಾಲಿನ ಶಕ್ತಿ ಹೋಗುತ್ತದೆಯೇ?

ಸ್ವಲ್ಪ ಹೊತ್ತು ಕಡಿಮೆಯಾಗಬಹುದು. ಎಷ್ಟು ಅನ್ನೋದು ಬ್ಲಾಕ್ ಎಲ್ಲಿ ಕೊಡುತ್ತಾರೆ ಅನ್ನುವುದರ ಮೇಲಿದೆ.

ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ನರದ ಸುತ್ತ ಬುಪಿವಕೇನ್ ಅಥವಾ ರೋಪಿವಕೇನ್ ಎಂಬ ಜೋಮು ಹಿಡಿಸುವ ಮದ್ದು ಬಿಡುತ್ತಾರೆ. ನೋವಿನ ಸುದ್ದಿ ಮೆದುಳಿಗೆ ಹೋಗುವುದೇ ಇಲ್ಲ. ತೊಡೆಸಂದಿಯಲ್ಲಿ ಕೊಡುವ ಫೆಮೊರಲ್ ಬ್ಲಾಕ್ ನೋವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತೊಡೆಯ ಮುಂದಿನ ಸ್ನಾಯುವೂ ಸಡಿಲವಾಗುತ್ತದೆ. ಎದ್ದು ನಿಂತರೆ ಮಂಡಿ ಕುಸಿಯಬಹುದು. ಅದಕ್ಕೇ ಈಗ ತೊಡೆಯ ಮಧ್ಯಭಾಗದಲ್ಲಿ, ಒಳಬದಿಗೆ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕ್ ಜಾಸ್ತಿ ಬಳಕೆಯಲ್ಲಿದೆ. ಅಲ್ಲಿ ಹಾಯುವುದು ಹೆಚ್ಚಾಗಿ ಸ್ಪರ್ಶದ ನರಗಳು, ಹಾಗಾಗಿ ಶಕ್ತಿ ಬಹುಪಾಲು ಉಳಿಯುತ್ತದೆ. ನನ್ನ ಆಯ್ಕೆಯೂ ಇದೇ. ಆದರೆ ಮಂಡಿಯ ಹಿಂಬದಿಗೆ ಇದು ಅಷ್ಟಾಗಿ ತಲುಪುವುದಿಲ್ಲ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನಿಂದ ಗ್ರಾಫ್ಟ್ (ಹೊಸ ಎಸಿಎಲ್ ಮಾಡಲು ಬೇಕಾದ ಸ್ನಾಯುರಜ್ಜು) ತೆಗೆದಿದ್ದರೆ ತೊಡೆಯ ಹಿಂದೆ ನೋಯುತ್ತದೆ, ಗಾಬರಿ ಬೇಡ.

ತುಂಬಾ ಜನ ಎಡವುವುದು ಬ್ಲಾಕ್ ಇಳಿಯುವಾಗ. ಒಂದೇ ಇಂಜೆಕ್ಷನ್ ಆದರೆ ಸಾಮಾನ್ಯವಾಗಿ 12ರಿಂದ 24 ಗಂಟೆ. ಆಮೇಲೆ ನೋವು ಒಮ್ಮೆಲೇ ನುಗ್ಗುತ್ತದೆ, ಎಷ್ಟೋ ಸಲ ನಡುರಾತ್ರಿ. "ಈಗ ನೋವೇ ಇಲ್ವಲ್ಲ" ಅಂತ ಮಾತ್ರೆ ಬಿಡಬೇಡಿ. ಡಾಕ್ಟರ್ ಬರೆದುಕೊಟ್ಟಿದ್ದನ್ನು ಹೇಳಿದ ಹೊತ್ತಿಗೆ, ನೋವು ಶುರುವಾಗುವ ಮೊದಲೇ ತಗೊಳ್ಳಿ.

ಜೋಮು ಇರುವಷ್ಟು ಹೊತ್ತು ಮಂಡಿಗೆ ಕಟ್ಟುವ ಬ್ರೇಸ್ ಮತ್ತು ಊರುಗೋಲು ಇಲ್ಲದೆ ಬಾತ್‌ರೂಮಿಗೂ ಹೋಗಬೇಡಿ. ಐಸನ್ನು ಬರಿಯ ಚರ್ಮಕ್ಕೆ ಒತ್ತಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಎರಡು ದಿನ ಕಳೆದರೂ ಜೋಮು ಹೋಗದಿದ್ದರೆ, ಅಥವಾ ಮೀನಖಂಡ ಊದಿ ಗಟ್ಟಿಯಾದರೆ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.