ಪೋಲರಾಯ್ಡ್ ಫೋಟೋ ನೀಲಿಯಾಗಿ ಬಂದರೆ ಎಸೆಯಬೇಕಾ?

ಹೊಸ ಪೋಲರಾಯ್ಡ್ (ಕ್ಲಿಕ್ ಮಾಡಿದ ಕೂಡಲೇ ಫೋಟೋ ಹಾಳೆ ಹೊರಗೆ ಬರುವ ಕ್ಯಾಮೆರಾ) ತಗೊಂಡು ಚಳಿಗಾಲದಲ್ಲಿ ಆಗುಂಬೆಗೆ ಹೋಗಿದ್ದೆ, ಬೆಳಗ್ಗೆ ತೆಗೆದ ಫೋಟೋಗಳೆಲ್ಲ ನೀಲಿ, ಮಸುಕು, ಕ್ಯಾಮೆರಾ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಕ್ಯಾಮೆರಾಕ್ಕೆ ಏನೂ ಆಗಿಲ್ಲ, ಅದು ಚಳಿಯ ಕೆಲಸ. ಆ ಹಾಳೆಗಳನ್ನು ಮಾತ್ರ ಎಸೆಯಬೇಡಿ.

ನಾನು ತೀರ್ಥಹಳ್ಳಿ ಕಡೆಯವನು. ನನಗೂ ಮೊದಲ ಸಲ ಹೀಗೇ ಆಯ್ತು. ಜನವರಿ ಬೆಳಗ್ಗೆ, ಅಡಿಕೆ ಸುಲಿಯುವ ಸಮಯ. ಅಮ್ಮಮ್ಮ ಶಾಲು ಹೊದ್ದು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಕ್ಲಿಕ್ ಮಾಡಿ ಹಾಳೆಯನ್ನು ಅಂಗಳದ ತಣ್ಣನೆ ಕಟ್ಟೆ ಮೇಲೆ ಇಟ್ಟೆ. ಕಾಲು ಗಂಟೆ ಬಿಟ್ಟು ನೋಡಿದರೆ ಎಲ್ಲ ತಿಳಿನೀಲಿ. ಮುಖ ಅರ್ಧ ಅಳಿಸಿದ ಹಾಗೆ, ಕೈಯಲ್ಲಿದ್ದ ಅಡಿಕೆ ಮಾತ್ರ ಸ್ಪಷ್ಟ. ಅಮ್ಮಮ್ಮ ನೋಡಿ, "ಇದೆಂತ ಮಗಾ, ನಾನು ಇಬ್ಬನಿಯಲ್ಲಿ ಕರಗಿ ಹೋದ್ನಾ?" ಅಂದರು. ಇವತ್ತಿಗೂ ನನ್ನ ಹತ್ತಿರ ಇರುವ ಫೋಟೋಗಳಲ್ಲಿ ನನಗೆ ಅದೇ ಜಾಸ್ತಿ ಇಷ್ಟ.

ಹಾಳೆ ಹೊರಗೆ ಬರುವಾಗ ಎರಡು ರೋಲರ್‌ಗಳು ಅದರ ಅಂಚಿನಲ್ಲಿರುವ ರಸಾಯನದ ಪೊಟ್ಟಣವನ್ನು ಒಡೆದು ಒಳಗೆಲ್ಲ ತೆಳ್ಳಗೆ ಸವರುತ್ತವೆ. ಬಣ್ಣ ಮೂಡುವುದು ಅದರಿಂದಲೇ. 13 ಡಿಗ್ರಿಗಿಂತ ಕಡಿಮೆಯಿದ್ದರೆ ಫೋಟೋ ನೀಲಿಗೆ ತಿರುಗಿ ಬಿಳಚಿಕೊಳ್ಳುತ್ತದೆ. 28 ದಾಟಿದರೆ ಹಳದಿ, ಕೆಂಪು. ಇದು ಗೊತ್ತಾದ ಮೇಲೆ ಇನ್ನೊಂದು ಹಾಳೆಯನ್ನು ಬೇಕಂತಲೇ ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟು ನೋಡಿದೆ. ಪೂರ್ತಿ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ ಬಣ್ಣಕ್ಕೆ ಬಂತು. ಹಂಡೆಯ ಹಬೆ, ಒಲೆಯ ಮಸಿ, ಎಲ್ಲ ಅದೇ ಕೆಂಪಲ್ಲಿ ಮುಳುಗಿತ್ತು. ಆ ಬಣ್ಣ ಮೊಬೈಲಿನ ಫಿಲ್ಟರಲ್ಲಿ ನನಗೆ ಸಿಕ್ಕಿಲ್ಲ.

ಎಲ್ಲ ತಪ್ಪೂ ಚೆಂದವಲ್ಲ, ಅದೂ ನಿಜ. ಒಂದೇ ಅಂತರದಲ್ಲಿ ಚುಕ್ಕೆಗಳು ಬರುತ್ತಿದ್ದರೆ ರೋಲರಿಗೆ ಹಳೇ ರಸಾಯನ ಅಂಟಿದೆ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹಾಳೆಯನ್ನು ಅಲ್ಲಾಡಿಸಬೇಡಿ, ಬೆಳಕು ತಾಗದ ಹಾಗೆ ಮಗುಚಿ ಇಡಿ. ಸರಿಯಾದ ಬಣ್ಣವೇ ಬೇಕಾದರೆ ಚಳಿಯಲ್ಲಿ ಅಂಗಿಯ ಒಳಜೇಬಲ್ಲಿ ಇಟ್ಟುಕೊಳ್ಳಿ, ಮೈಶಾಖ ಸಾಕು.

ಪ್ಯಾಕಿನಲ್ಲಿ ಇರುವುದು ಎಂಟೇ ಹಾಳೆ ಅಲ್ವಾ? ಮುಂದಿನ ಸಲ ಆರನ್ನು ಜೇಬಲ್ಲಿ ಬೆಚ್ಚಗೆ ಇಡಿ, ಎರಡನ್ನು ಸುಮ್ನೆ ಇಬ್ಬನಿಗೆ ಬಿಟ್ಟು ನೋಡಿ. ಏನು ಬಂತು ಅಂತ ಇಲ್ಲೇ ಹಾಕಿ, ನೋಡಲು ಕಾಯುತ್ತೇನೆ.